ಹೆಂಡದ ಮಾರಯ್ಯನೂ ಕುಡುಕನ ಮನೆಯವರೂ

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನ ವೃತ್ತಿ ಹೆಂಡವನ್ನು ಮಾರುವುದಾಗಿತ್ತು. ಆ ವೃತ್ತಿಯ ಮಾತುಗಳನ್ನೇ ಬಳಸಿ ಆತನು ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ಕುಡಿಯಬಂದವರಿಗೆ ಆತನು ಕುಡಿತದ ಕೇಡನ್ನೇ ತಿಳಿಯಹೇಳುತ್ತಿದ್ದನೆಂದು ಪ್ರತೀತಿಯುಂಟು. ಕುಡುಕನನ್ನು ತಿರಸ್ಕರಿಸದೆ, ಅವನ ವ್ಯಸನಕ್ಕೆ ಸಮ್ಮತಿಸಲೂ ಒಲ್ಲದೆ, ಅವನೆದುರಿಗೆ ನಿಲ್ಲುವ ಈ ರೀತಿ ಮನೆಯವರಿಗೆ ಅತ್ಯಂತ ಕಠಿನವಾದುದು.

ಗೃಹಸ್ಥರ ಮನೆಗಳಲ್ಲಿ ನಡೆಯುವುದೇ ಬೇರೆ. ತಾಯಿ ಮರೆಯಲ್ಲಿ ಹಣ ಕೊಡುತ್ತಾಳೆ. ತಮ್ಮನು ಅಂಗಡಿಯ ಸಾಲ ತೀರಿಸುತ್ತಾನೆ. ಹೆಂಡತಿ ‘ಅವರಿಗೆ ಜ್ವರ’ವೆಂದು ಕೆಲಸದೆಡೆಗೆ ಹೇಳಿ ಕಳುಹಿಸುತ್ತಾಳೆ. ಇದನ್ನೇ ದಯೆಯೆಂದು ಬಗೆಯುವುದುಂಟು. ಆದರೆ ಈ ದಯೆ ಸಲ್ಲುವುದು ಕುಡಿತಕ್ಕೆ, ಕುಡಿಯುವವನಿಗಲ್ಲ. ಅವನಿಗೆ ಅನ್ನವಿಕ್ಕಬೇಕು, ಹಣ ಕೊಡಲಾಗದು. ಮಾತನಾಡುವುದಾದರೆ ಅಮಲಿಳಿದ ಮುಂಜಾನೆಯಲ್ಲಿ, ಒಬ್ಬರೇ ಕುಳಿತು, ಮೆಲ್ಲಗೆ.

ಇಷ್ಟಲಿಂಗವನ್ನು ಮುಟ್ಟಿಸಿ ಆಣೆ ಮಾಡಿಸುವುದು ಹಲವೆಡೆ ರೂಢಿ. ಅತ್ತು ಕರೆದು ಪಡೆದ ಆಣೆ ವಾರದೊಳಗೆ ಮುರಿದರೆ, ಆ ಮನುಷ್ಯನು ನಾಚಿಕೆಯಿಂದ ಪೂಜೆಯನ್ನೇ ಬಿಟ್ಟುಬಿಡುತ್ತಾನೆ. ಹಿಡಿದು ನಿಲ್ಲಲು ಇದ್ದ ಒಂದು ಆಸರೆಯೂ ತಪ್ಪುತ್ತದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯ ಕ್ರಮ ಇದಕ್ಕೆ ಭಿನ್ನವಾದುದು. 2018ರಲ್ಲಿ ಲಿಂಗೈಕ್ಯರಾದ ಅವರು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಬೇಡುವವನು ತಾನೇ ಕೈಯೊಡ್ಡಿ ನಿಂತಿರುವಾಗ ಎದುರಿನವನಿಗೆ ತಾನು ಕೀಳೆಂಬ ಭಾವ ಬಾರದು, ಅವನು ಕೊಡುವವನಾಗುತ್ತಾನೆ.

ಸಂಕಲ್ಪದೊಡನೆ ವೈದ್ಯನೂ ಬೇಕು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ನಿದ್ರೆಗೇಡು, ಫಿಟ್ಸು, ಮತಿಭ್ರಮೆ ಉಂಟಾಗಬಹುದು, ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಆಸ್ಪತ್ರೆಗಳಲ್ಲಿ ಇದನ್ನು ರೋಗವೆಂದೇ ಭಾವಿಸಿ ಚಿಕಿತ್ಸೆ ನೀಡುತ್ತಾರೆ, ಮನೆಯವರಿಗೂ ತಿಳಿವಳಿಕೆ ಹೇಳುತ್ತಾರೆ. ಗುಣವಾಗಿ ಬಂದವನು ಮತ್ತೆ ಕುಡಿಯುವುದು ಅಪರೂಪವಲ್ಲ. ಆಗ ಪುನಃ ಕರೆದೊಯ್ಯಬೇಕಾಗುತ್ತದೆ.

ಇಷ್ಟೆಲ್ಲವನ್ನೂ ಹೆಂಡತಿಯೊಬ್ಬಳ ತಾಳ್ಮೆಯ ಮೇಲೆಯೇ ಹೊರಿಸುವುದು ಅನ್ಯಾಯ. ಅವನು ಕೈಯೆತ್ತಿದ ರಾತ್ರಿ ಅವಳು ಮಕ್ಕಳೊಡನೆ ತವರಿಗೋ ನೆರೆಮನೆಗೋ ಹೋದರೆ, ಅದು ಅವನನ್ನು ತೊರೆದಂತಲ್ಲ. ಮರುದಿನ ಮುಂಜಾನೆ ಅವನೊಡನೆ ಆಸ್ಪತ್ರೆಯ ಬಾಗಿಲಿಗೆ ಹೋಗಲು ಅಣ್ಣತಮ್ಮಂದಿರೂ ಕಾಲು ತೆಗೆಯಬೇಕು.