ಎರಡು ಸಲ ಹುಡುಕುವ ಲೈಬ್ರರಿ

ಸಿ ಭಾಷೆಯ ಪ್ರೋಗ್ರಾಮು ಅನ್ಯರು ಬರೆದಿಟ್ಟ ಲೈಬ್ರರಿಯನ್ನು ಬಳಸಿಕೊಳ್ಳುವ ಬಗೆಯನ್ನು ಇಲ್ಲಿ ಸ್ಥೂಲವಾಗಿ ವಿವರಿಸಲು ಯತ್ನಿಸುತ್ತೇನೆ. ಉದಾಹರಣೆಗೆ ಝಡ್‌ಲಿಬ್ ಇರಲಿ. ದತ್ತಾಂಶವನ್ನು ಕುಗ್ಗಿಸುವ ಈ ಲೈಬ್ರರಿಯನ್ನು ಝಾನ್‌ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ ಎಂಬವರು ರಚಿಸಿ 1995ರಲ್ಲಿ ಹೊರತಂದರು.

ಲಿನಕ್ಸ್ ಯಂತ್ರದಲ್ಲಿ ಕಂಪೈಲರು ಮೊದಲು ಓದುವುದು ‘ಝಡ್‌ಲಿಬ್.ಎಚ್’ ಎಂಬ ಹೆಡರ್ ಕಡತವನ್ನು. ಅದರಲ್ಲಿರುವುದು ಮುಖ್ಯವಾಗಿ ಫಂಕ್ಷನ್ನುಗಳ ಹೆಸರು, ಅವುಗಳಿಗೆ ಏನೇನು ಕೊಡಬೇಕೆಂಬ ವಿವರ. ಹೋಟೆಲಿನ ಹಲಗೆಯ ಮೇಲೆ ತಿಂಡಿಗಳ ಹೆಸರು ಬರೆದಂತೆ. ತಿಂಡಿ ಒಳಗಿದೆಯೇ ಎಂಬುದು ಬೇರೆ ಮಾತು. ಅದನ್ನು ವಿಚಾರಿಸುವವನು ಲಿಂಕರು. ಆಜ್ಞೆಯ ಕೊನೆಯಲ್ಲಿ ‘-ಎಲ್‌ಝಡ್’ ಎಂದು ಸೇರಿಸದಿದ್ದರೆ, ಹೆಸರಿಗೆ ಅರ್ಥ ಸಿಕ್ಕಲಿಲ್ಲವೆಂದು ಅವನು ದೂರುತ್ತಾನೆ. ಆಗ ಅನೇಕರು ಹೆಡರನ್ನೇ ಮತ್ತೆ ಮತ್ತೆ ತಿರುವಿ ನೋಡುವುದುಂಟು. ಅದು ವ್ಯರ್ಥ ಶ್ರಮ.

ಲೈಬ್ರರಿಯು ಹಂಚಿಕೆಯದಾದರೆ ಲಿಂಕರು ಅದರೊಳಗಿನ ಸಂಕೇತವನ್ನು ನಮ್ಮ ಪ್ರೋಗ್ರಾಮಿಗೆ ನಕಲು ಮಾಡುವುದಿಲ್ಲ. ‘ಲಿಬ್‌ಝಡ್.ಎಸ್‌ಓ.1’ ಬೇಕೆಂದು ಹೆಸರನ್ನಷ್ಟೇ ಬರೆದಿಡುತ್ತಾನೆ. ಕೊನೆಯ 1 ಎಂಬ ಅಂಕಿಗೆ ಅರ್ಥವುಂಟು: ಹಳೆಯ ಪ್ರೋಗ್ರಾಮುಗಳಿಗೆ ಒಗ್ಗದಂಥ ಬದಲಾವಣೆಯಾದಾಗ ಆ ಅಂಕಿಯನ್ನು ಏರಿಸುವುದು ವಾಡಿಕೆ.

ಪ್ರೋಗ್ರಾಮು ಓಡುವ ಹೊತ್ತಿಗೆ ಲೋಡರು ಎಂಬ ಇನ್ನೊಬ್ಬನು ಆ ಹೆಸರಿನ ಕಡತವನ್ನು ಹೊಸದಾಗಿ ಹುಡುಕುತ್ತಾನೆ. ಹೊಸಬರು ದಿಕ್ಕೆಡುವುದು ಹೆಚ್ಚಾಗಿ ಇಲ್ಲಿಯೇ ಎಂದು ನನ್ನ ಎಣಿಕೆ. ಲೈಬ್ರರಿಯನ್ನು ನಮ್ಮ ಸ್ವಂತ ಡೈರೆಕ್ಟರಿಯಲ್ಲಿಟ್ಟು, ದಾರಿಯನ್ನು ‘-ಎಲ್’ ಎಂಬ ದೊಡ್ಡಕ್ಷರದ ಸೂಚನೆಯಿಂದ ತಿಳಿಸಿದೆವೆನ್ನಿ. ಆ ಮಾತು ಲಿಂಕರಿಗೆ ಮಾತ್ರ ಕೇಳಿಸಿತು. ಲೋಡರಿಗೆ ಅದರ ಸುದ್ದಿಯೇ ಇಲ್ಲ. ಆದುದರಿಂದ ನಿರ್ವಿಘ್ನವಾಗಿ ಸಿದ್ಧವಾದ ಪ್ರೋಗ್ರಾಮೂ ಓಡಿಸಿದೊಡನೆ ಕಡತ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ಲೋಡರಿಗೆ ‘ಎಲ್‌ಡಿ_ಲೈಬ್ರರಿ_ಪಾತ್’ ಎಂಬ ಪರಿಸರ ಚಲಕದಿಂದಾಗಲಿ, ಲಿಂಕ್ ಮಾಡುವಾಗಲೇ ‘ಆರ್‌ಪಾತ್’ ಬರೆದಾಗಲಿ ದಾರಿ ಹೇಳಬೇಕು. ಯಾವ ಲೈಬ್ರರಿ ಎಲ್ಲಿ ಸಿಕ್ಕಿತೆಂಬುದನ್ನು ‘ಎಲ್‌ಡಿಡಿ’ ಎಂಬ ಆಜ್ಞೆ ತೋರಿಸುತ್ತದೆ.

ಇಷ್ಟೊಂದು ತೊಡಕು ಏಕೆ, ನಕಲನ್ನೇ ಒಳಗೆ ಸೇರಿಸಿಕೊಳ್ಳಬಾರದೇ ಎಂದು ಯಾರಾದರೂ ಕೇಳಬಹುದು. ಸೇರಿಸಿಕೊಳ್ಳಬಹುದು. ಆದರೆ 2002ರಲ್ಲಿ ನಡೆದುದನ್ನು ನೋಡಿ. ಝಡ್‌ಲಿಬ್‌ನ 1.1.3ನೆಯ ಆವೃತ್ತಿಯಲ್ಲಿ, ಬಿಟ್ಟುಕೊಟ್ಟ ಸ್ಮೃತಿಯನ್ನೇ ಮತ್ತೊಮ್ಮೆ ಬಿಟ್ಟುಕೊಡುವ ಅಪಾಯಕರವಾದ ದೋಷ ಕಂಡುಬಂದು, 1.1.4ರಲ್ಲಿ ಅದನ್ನು ತಿದ್ದಿದರು. ಹಂಚಿಕೆಯ ಲೈಬ್ರರಿಯನ್ನು ನಂಬಿದ್ದ ಪ್ರೋಗ್ರಾಮುಗಳಿಗೆ ಒಂದು ಕಡತ ಬದಲಿಸಿ ಪುನಃ ಓಡಿಸಿದರೆ ಸಾಕಾಯಿತು. ನಕಲು ಮಾಡಿಕೊಂಡಿದ್ದವುಗಳನ್ನು ಒಂದೊಂದಾಗಿ ಮತ್ತೆ ಕಟ್ಟಬೇಕಾಯಿತು. ಅದಕ್ಕೆ ಮೊದಲು ಅವು ಯಾವುವೆಂದು ಪತ್ತೆಹಚ್ಚಬೇಕಾಯಿತು. ಒಳಗೇ ಬೆರೆತ ಲೈಬ್ರರಿಯ ಹೆಸರು ‘ಎಲ್‌ಡಿಡಿ’ಯ ಪಟ್ಟಿಯಲ್ಲಿ ಬರುವುದಿಲ್ಲವಷ್ಟೆ.