ರಾತ್ರಿ ಎರಡಕ್ಕೆ ಯಾವ ದವಾಖಾನೆ?

ತಮ್ಮಾ,

"ತುರ್ತಿಗೆ ಒಬ್ಬ ಛಲೋ ಡಾಕ್ಟರ ಹೆಸರು, ನಂಬರು ಕೊಡ್ರಿ" ಅಂತ ಕೇಳಿದ್ದಿ. ಹೆಸರು ಕೊಡುವುದಿಲ್ಲ, ಉಳಿದವರೂ ಓದಲಿ ಎಂದು ಉತ್ತರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಯೇ ಆಗಲಿ, ನಾವು ಬೋರ್ಡಿನ ಮೇಲಿನ ದೊಡ್ಡ ಹೆಸರು ನೋಡಿ ದವಾಖಾನೆ ಆರಿಸುತ್ತೇವೆ. ರಾತ್ರಿ ಎರಡಕ್ಕೆ ಆ ದೊಡ್ಡವರು ಮನೆಯಲ್ಲಿ ಮಲಗಿರುತ್ತಾರೆ. ನಿಮ್ಮಪ್ಪನನ್ನು ನೋಡುವವರು ಡ್ಯೂಟಿ ಡಾಕ್ಟರು. ವಿಚಾರಿಸಬೇಕಾದದ್ದು ಅವರ ಬಗ್ಗೆ.

ತುರ್ತು ಚಿಕಿತ್ಸೆಯಲ್ಲೇ ಎಂ.ಡಿ. ಮಾಡಿದವರು ತಾಲ್ಲೂಕಿನಲ್ಲಿ ಅಪರೂಪ. ಆ ವಿಭಾಗಕ್ಕೆ ದೇಶದಲ್ಲಿ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಅಂಥವರನ್ನು ವಿಜಯಪುರದ ಬಿ.ಎಲ್.ಡಿ.ಇ., ಅಲ್-ಅಮೀನ್‌ನಂಥ ಮೆಡಿಕಲ್ ಕಾಲೇಜುಗಳಲ್ಲಿ ಹುಡುಕಬೇಕು. ಹಾಗಂತ ಎಲ್ಲದಕ್ಕೂ ಕಾರು ಹತ್ತಿ ವಿಜಯಪುರಕ್ಕೆ ಓಡಬೇಡ. ಮುದ್ದೇಬಿಹಾಳದಿಂದ ಅದು ಸುಮಾರು 80 ಕಿಲೋಮೀಟರು, ಬಾಗೇವಾಡಿಯವರಿಗೆ ಅದರರ್ಧ.

ಎದೆ ಹಿಡಿದುಕೊಂಡಿತೇ? ಮೊದಲು ತಾಲ್ಲೂಕು ಆಸ್ಪತ್ರೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇರುವಲ್ಲಿ ಆ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಬೇಕಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಅಲ್ಲೇ ಕೊಡುತ್ತಾರೆ. ನಿಮ್ಮ ಊರಿನಲ್ಲಿ ಅದು ನಡೆಯುತ್ತಿದೆಯೇ, ಈಗಲೇ ಕೇಳು. ಹಾವು ಕಡಿದರೂ, ಬೆಳೆಗೆ ಕೀಟನಾಶಕದ ಎಣ್ಣಿ ಹೊಡೆಯುವಾಗ ವಿಷ ಏರಿದರೂ ಹತ್ತಿರದ ಆಸ್ಪತ್ರೆಯೇ ಮೊದಲು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಔಷಧ. ಹಾವು ಕೊಂದು ಚೀಲದಲ್ಲಿ ತರುವ ಶೂರತನ ಬೇಡ. ಮಂತ್ರದವರ ಮನೆಯಂತೂ ಬೇಡವೇ ಬೇಡ.

ಬಾಯಿ ಸೊಟ್ಟಾಗಿ, ಒಂದು ಕೈ ಬಿದ್ದುಹೋದರೆ ಮಾತ್ರ ಲೆಕ್ಕ ಬೇರೆ. ಸಿಟಿ ಸ್ಕ್ಯಾನ್ ಇಲ್ಲದೆ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲಾಗದು. ಅದಕ್ಕಿರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ತಾಸು. ಆಗ ರಾತ್ರಿಯೂ ಸ್ಕ್ಯಾನ್ ನಡೆಯುವಲ್ಲಿಗೇ ನೇರ ಹೋಗು. ವಿಜಯಪುರವಿರಲಿ, ಇಂಡಿಯವರಿಗೆ ಸೊಲ್ಲಾಪುರವಿರಲಿ.

ಒಳ್ಳೆಯ ಡ್ಯೂಟಿ ಡಾಕ್ಟರನ್ನು ಗುರುತಿಸುವುದು ಕಷ್ಟವಲ್ಲ. ಕೇಸ್ ಪೇಪರಿಗಿಂತ ಮೊದಲು ಉಸಿರು, ನಾಡಿ ನೋಡುತ್ತಾರೆ. "ಇದು ನಮ್ಮಲ್ಲಿ ಆಗದು" ಎಂದು ಬೇಗ ಹೇಳುತ್ತಾರೆ, ಆದರೆ ಬರಿಗೈಲಿ ಕಳಿಸುವುದಿಲ್ಲ: ಮುಂದಿನ ಆಸ್ಪತ್ರೆಗೆ ತಾವೇ ಫೋನ್ ಮಾಡುತ್ತಾರೆ, ಯಾವ ಔಷಧ ಎಷ್ಟು ಗಂಟೆಗೆ ಕೊಟ್ಟೆ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಹತ್ತು ಡಿಗ್ರಿಗಿಂತ ನಾನು ಆ ಚೀಟಿಯನ್ನು ನಂಬುತ್ತೇನೆ. ಜೀವ ಹೋಗುವ ಹೊತ್ತಲ್ಲಿ ಮೊದಲು ರೊಕ್ಕ ಕಟ್ಟು ಅನ್ನುವವರಿಗೆ, ತುರ್ತಿನಲ್ಲಿ ಮುಂಗಡ ಕೇಳುವಂತಿಲ್ಲ ಎಂಬ, ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯ 2017ರ ತಿದ್ದುಪಡಿ ನೆನಪಿಸು. ಜಗಳ ಮಾತ್ರ ಆಮೇಲೆ.

ಇನ್ನು ಸಂತೆಗೆ ಹೋದ ದಿನ ಆಸ್ಪತ್ರೆಗೂ ಹೊಕ್ಕು ಬಾ. ರಾತ್ರಿ ಡಾಕ್ಟರು ಒಳಗೇ ಇರುತ್ತಾರೋ, ಕರೆದರೆ ಬರುತ್ತಾರೋ? ಹಾವಿನ ಔಷಧ ಇದೆಯೋ? ಆಕ್ಸಿಜನ್? ನರ್ಸಮ್ಮನನ್ನು ಕೇಳಿದರೆ ನಿಜ ಬೇಗ ಸಿಗುತ್ತದೆ. 108 ಆಂಬುಲೆನ್ಸಿಗೆ ನಿಮ್ಮ ತೋಟದ ವಸ್ತಿಯ ದಾರಿ ಸಿಗುವುದಿಲ್ಲ. ಡಾಂಬರು ರಸ್ತೆಗೆ ಯಾರು ಬಂದು ನಿಲ್ಲಬೇಕೆಂದು ಮನೆಯಲ್ಲಿ ಮಾತಾಡಿಡಿ.

ಕೇಳಿ ಬಂದಮೇಲೆ ನನಗೂ ಫೋನ್ ಹಚ್ಚು. ನಿಮ್ಮ ಕಾಕೂಗೆ ಬಿಪಿ ಇದೆ, ಆ ಉತ್ತರ ನಮಗೂ ಬೇಕು.

ನಿಮ್ಮ ಕಾಕಾ