ಒಂದು ವೋಲ್ಟಿಗೆ ಒಂದು ಸ್ಥಾಯಿ

ಡಯೋಡ್ ಈಕ್ವೇಷನ್ ನಮಗೆಲ್ಲ ಫಸ್ಟ್ ಇಯರಲ್ಲೇ ಬಾಯಿಪಾಠ ಆಗಿರತ್ತೆ. ವೋಲ್ಟೇಜ್ ಸ್ವಲ್ಪ ಏರಿದ್ರೆ ಕರೆಂಟ್ ಎಕ್ಸ್‌ಪೊನೆನ್ಷಿಯಲ್ ಆಗಿ ಏರತ್ತೆ, ಜೊತೆಗೆ ಟೆಂಪರೇಚರ್ ಕೂಡ ಅದರೊಳಗೆ ಕೂತಿರತ್ತೆ. ಇಂಟರ್ನಲ್ಸಲ್ಲಿ ಬರೆದು ಮರೆತುಬಿಡ್ತೀವಿ. ಅದೇ ಈಕ್ವೇಷನ್ ನ್ಯೂಯಾರ್ಕಿನ ಒಬ್ಬ ಸಂಯೋಜಕಿಗೆ ಎಷ್ಟು ಕಾಟ ಕೊಟ್ಟಿತು, ಆಕೆ ಆ ಕಾಟವನ್ನು ಇಟ್ಟುಕೊಂಡೇ ಏನು ಮಾಡಿದರು ಅನ್ನೋದು ಇಲ್ಲಿಯ ವಿಷಯ.

ಆಕೆ ವೆಂಡಿ ಕಾರ್ಲೋಸ್. ಓದಿದ್ದು ಸಂಗೀತ ಮತ್ತು ಫಿಸಿಕ್ಸ್, ಎರಡೂ. ಆಕೆ ಬಳಸಿದ ಸಿಂಥಸೈಜರ್ ಮಾಡಿದ್ದು ರಾಬರ್ಟ್ ಮೋಗ್, ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಫಿಸಿಕ್ಸಲ್ಲಿ ಪಿಎಚ್‌ಡಿ ಮಾಡಿದವರು. (ಉಚ್ಚಾರ ಮೋಗ್, ಮೂಗ್ ಅಲ್ಲ. ನಮ್ಮ ಮೂಗಿಗೂ ಅವರಿಗೂ ಸಂಬಂಧ ಇಲ್ಲ.)

ಮೋಗ್ ಒಬ್ಬರೇ ರೂಮಲ್ಲಿ ಕೂತು ಇದನ್ನು ಕಂಡುಹಿಡಿದರು ಅಂದ್ಕೊಂಡ್ರೆ ಅರ್ಧ ಕಥೆ ತಪ್ಪಿಹೋಗತ್ತೆ. 1964ರಲ್ಲಿ ಹರ್ಬರ್ಟ್ ಡಾಯ್ಚ್ ಅನ್ನೋ ಸಂಗೀತದ ಮೇಷ್ಟ್ರು ಮೋಗ್ ಜೊತೆ ಕೂತು, ತಮಗೆ ಎಂಥ ಸದ್ದು ಬೇಕು ಅಂತ ಹೇಳ್ತಾ ಹೋದರು, ಮೋಗ್ ಸರ್ಕ್ಯೂಟ್ ಮಾಡ್ತಾ ಹೋದರು. ಸ್ವರ ಹೇಗೆ ಶುರುವಾಗಬೇಕು, ಹೇಗೆ ಇಳೀಬೇಕು, ಎಲ್ಲಿ ನಿಲ್ಲಬೇಕು, ಕೈ ಬಿಟ್ಟ ಮೇಲೆ ಹೇಗೆ ಆರಬೇಕು ಅನ್ನೋ ನಾಲ್ಕು ಹಂತಗಳು ಇವತ್ತಿಗೂ ಪ್ರತಿ ಮ್ಯೂಸಿಕ್ ಸಾಫ್ಟ್‌ವೇರಲ್ಲಿ ಇವೆ: ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್. ಹೀಗೆ ಬೇಕು ಅಂತ ಮೋಗ್‌ಗೆ ಸ್ಪೆಸಿಫಿಕೇಷನ್ ಕೊಟ್ಟಿದ್ದು ವ್ಲಾದಿಮಿರ್ ಉಸಾಚೆವ್‌ಸ್ಕಿ, ಕಾರ್ಲೋಸ್ ಅವರ ಗುರು. ಕಾರ್ಲೋಸ್ ಸಹ ಸುಮ್ಮನೆ ಕೊಂಡುಕೊಂಡು ಹೋದ ಗಿರಾಕಿ ಅಲ್ಲ. ಕೀ ಎಷ್ಟು ಜೋರಾಗಿ ಒತ್ತಿದರೂ ಒಂದೇ ಸದ್ದು ಬಂದ್ರೆ ಅದೆಂಥ ವಾದ್ಯ ಅನ್ನೋದು ಆಕೆಯ ತಕರಾರು. ಬೆರಳಿನ ಒತ್ತಡಕ್ಕೆ ಸ್ಪಂದಿಸೋ ಕೀಬೋರ್ಡ್ ಬೇಕು ಅಂತ ಹಟ ಹಿಡಿದು ಮೋಗ್ ಕೈಲಿ ಮಾಡಿಸಿಕೊಂಡರು.

ಈಗ ಸರ್ಕ್ಯೂಟ್‌ಗೆ ಬರೋಣ. ಮೋಗ್ ಹಿಡಿದ ನಿಯಮ ಸರಳ: ಕಂಟ್ರೋಲ್ ವೋಲ್ಟೇಜ್ 1 ವೋಲ್ಟ್ ಏರಿದ್ರೆ ಸ್ವರ ಒಂದು ಸ್ಥಾಯಿ ಏರಬೇಕು. ಕೆಳಗಿನ ಸ-ದಿಂದ ಮೇಲಿನ ಸ, ಅಂದ್ರೆ ಫ್ರೀಕ್ವೆನ್ಸಿ ಡಬಲ್. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನ, ಹಾಗಾಗಿ ಪಕ್ಕದ ಕೀಗೆ 83.3 ಮಿಲಿವೋಲ್ಟ್. ಕಿವಿ ಕೇಳೋದು ಗುಣಾಕಾರದಲ್ಲಿ, ಕೀಬೋರ್ಡ್ ಕೊಡೋದು ಸಂಕಲನದಲ್ಲಿ. ಮಧ್ಯೆ ಒಂದು ಎಕ್ಸ್‌ಪೊನೆನ್ಷಿಯಲ್ ಬೇಕು, ಅದು ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ಜಂಕ್ಷನ್ನಲ್ಲಿ ಫ್ರೀಯಾಗಿ ಸಿಗತ್ತೆ. ಕರೆಂಟ್ ಡಬಲ್ ಆಗೋಕೆ ಥರ್ಮಲ್ ವೋಲ್ಟೇಜನ್ನು 2ರ ನ್ಯಾಚುರಲ್ ಲಾಗಿಂದ ಗುಣಿಸಿದಷ್ಟು ಸಾಕು. ರೂಮ್ ಟೆಂಪರೇಚರಲ್ಲಿ ಅದು ಸುಮಾರು 18 ಮಿಲಿವೋಲ್ಟ್. 1 ವೋಲ್ಟನ್ನು ರೆಸಿಸ್ಟರ್ ಡಿವೈಡರಲ್ಲಿ 18 ಮಿಲಿವೋಲ್ಟಿಗೆ ಇಳಿಸಿದ್ರೆ ಕೆಲಸ ಆಯ್ತು.

ಆದ್ರೆ ಆ ಥರ್ಮಲ್ ವೋಲ್ಟೇಜ್ ಟೆಂಪರೇಚರಿಗೆ ನೇರ ಅನುಪಾತದಲ್ಲಿದೆ. ರೂಮ್ 300 ಕೆಲ್ವಿನ್ನಿಂದ 303ಕ್ಕೆ ಹೋಯ್ತು ಅನ್ನಿ. ಬರೀ 3 ಡಿಗ್ರಿ, ಫ್ಯಾನ್ ಆಫ್ ಮಾಡಿದಷ್ಟು. ಅಂತರಗಳೆಲ್ಲ ಶೇ. 1ರಷ್ಟು ಕುಗ್ಗತ್ತೆ. ಒಂದು ಸ್ಥಾಯಿಗೆ ಸ್ವರಸ್ಥಾನದ ಎಂಟನೇ ಒಂದು ಭಾಗ ಕಮ್ಮಿ, ನಾಲ್ಕು ಸ್ಥಾಯಿ ಮೇಲೆ ಹೋದ್ರೆ ಹತ್ತಿರಹತ್ತಿರ ಅರ್ಧ ಸ್ವರಸ್ಥಾನ ಕಮ್ಮಿ. ಸ್ಯಾಚುರೇಷನ್ ಕರೆಂಟ್ ಬದಲಾಗೋದು ಇನ್ನೊಂದು ತಲೆನೋವು, ಇಡೀ ಶ್ರುತಿಯೇ ಜಾರತ್ತೆ. ಅದಕ್ಕೆ ಮದ್ದು ಮ್ಯಾಚ್ಡ್ ಪೇರ್. ಮೊದಲನೇದಕ್ಕೆ ಮದ್ದು ಡಿವೈಡರಲ್ಲಿ ಡಿಗ್ರಿಗೆ ಸುಮಾರು ಶೇ. 0.33 ಏರೋ ಸ್ಪೆಷಲ್ ರೆಸಿಸ್ಟರ್. ಆ ಕಾಲದ ಮೋಗ್ ಆಸಿಲೇಟರ್‌ಗಳಂತೂ ಶ್ರುತಿ ಕಳ್ಕೊಳ್ಳೋದಕ್ಕೆ ಹೆಸರುವಾಸಿ.

ಇಂಥದ್ದರಲ್ಲಿ ಕಾರ್ಲೋಸ್ ಬಾಕ್‌ನನ್ನು ನುಡಿಸೋಕೆ ಹೊರಟರು! ಸಿಂಥಸೈಜರ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸತ್ತೆ, ಬಾಕ್‌ನಲ್ಲಿ ಮೂರು ನಾಲ್ಕು ಎಳೆ ಒಟ್ಟಿಗೆ ಓಡ್ತಿರತ್ತೆ. ಆಂಪೆಕ್ಸ್ ಟೇಪ್ ಮಷೀನಿನ ಭಾಗಗಳಿಂದ ಆಕೆ ತಾವೇ 8 ಟ್ರ್ಯಾಕಿನ ರೆಕಾರ್ಡರ್ ಕಟ್ಟಿಕೊಂಡರು. ಒಂದು ಎಳೆಯನ್ನು ಚೂರು ಚೂರಾಗಿ ನುಡಿಸೋದು, ಶ್ರುತಿ ನೋಡೋದು, ಸರಿ ಮಾಡೋದು, ಮತ್ತೆ ಮುಂದಿನ ಚೂರು. ಹೀಗೆ ತಿಂಗಳುಗಟ್ಟಲೆ. ‘ಸ್ವಿಚ್ಡ್-ಆನ್ ಬಾಕ್’ 1968ರಲ್ಲಿ ಬಂತು, 1970ರಲ್ಲಿ ಮೂರು ಗ್ರ್ಯಾಮಿ ತಗೊಂಡಿತು.

ಕವರ್ ಮೇಲೆ ಮಷೀನ್ ದೊಡ್ಡದಾಗಿ ಕಾಣತ್ತೆ, ಹಾಗಾಗಿ ಎಲ್ಲರೂ ಮಷೀನನ್ನೇ ಹೊಗಳ್ತಾರೆ. ನನಗೆ ಇದು ಅನ್ಯಾಯ ಅನ್ಸತ್ತೆ. ಪ್ರೊಡ್ಯೂಸರ್ ರೇಚಲ್ ಎಲ್ಕಿಂಡ್ ಮತ್ತು ಸಂಗೀತ ವಿದ್ವಾಂಸ ಬೆಂಜಮಿನ್ ಫೋಕ್‌ಮನ್ ಇಲ್ಲದೆ ಈ ರೆಕಾರ್ಡ್ ಇಲ್ಲ. ಮೂರನೇ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೊದ ಎರಡನೇ ಭಾಗಕ್ಕೆ ಬಾಕ್ ಬರೆದಿಟ್ಟಿದ್ದು ಎರಡೇ ಕಾರ್ಡ್. ಉಳಿದಿದ್ದನ್ನು ಕಾರ್ಲೋಸ್ ಮತ್ತು ಫೋಕ್‌ಮನ್ ಸೇರಿ ಕಲ್ಪಿಸಿದರು, ನಮ್ಮ ಮನೋಧರ್ಮದ ಥರ. ಆಮೇಲೆ ಕುಬ್ರಿಕ್‌ರ ‘ಎ ಕ್ಲಾಕ್‌ವರ್ಕ್ ಆರೆಂಜ್’ ಸಿನಿಮಾದಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿಯನ್ನು ವೋಕೋಡರ್ ಹಾಡತ್ತಲ್ಲ, ಅದರ ಹಿಂದಿರೋ ಗಂಟಲು ಎಲ್ಕಿಂಡ್ ಅವರದ್ದು.

ಇದನ್ನು ಲ್ಯಾಪ್‌ಟಾಪಲ್ಲೇ ಮಾಡಿ ನೋಡಬಹುದು. ವಿಸಿವಿ ರ‍್ಯಾಕ್ ಅನ್ನೋ ಸಾಫ್ಟ್‌ವೇರ್ ಉಚಿತ, ಅದರಲ್ಲೂ ಇದೇ ಒಂದು ವೋಲ್ಟಿನ ನಿಯಮ. ಎರಡು ಆಸಿಲೇಟರ್ ಹಾಕಿ, ಒಂದೇ ಕೀಬೋರ್ಡಿಂದ ವೋಲ್ಟೇಜ್ ಕೊಡಿ. ಎರಡನೇದಕ್ಕೆ ಹೋಗೋ ದಾರೀಲಿ ಅಟೆನ್ಯುಯೇಟರ್ ಇಟ್ಟು ಶೇ. 99ಕ್ಕೆ ತಿರುಗಿಸಿ. 3 ಡಿಗ್ರಿ ಸೆಖೆ ಅಂದ್ಕೊಳ್ಳಿ. 0 ವೋಲ್ಟಲ್ಲಿ ಎರಡೂ 261.6 ಹರ್ಟ್ಸ್, ಒಂದೇ ಸದ್ದು. 1 ವೋಲ್ಟ್ ಕೊಡಿ: ಒಂದು 523.3, ಇನ್ನೊಂದು 519.6. ಸೆಕೆಂಡಿಗೆ ಮೂರ್ನಾಲ್ಕು ಸಲ ವಾಂವ್ ವಾಂವ್ ಅಂತ ಕೇಳತ್ತೆ. ಇನ್ನೊಂದು ಸ್ಥಾಯಿ ಮೇಲೆ ಹೋಗಿ, ಹೆಡ್‌ಫೋನ್ ವಾಲ್ಯೂಮ್ ಮೊದಲೇ ಕಮ್ಮಿ ಮಾಡ್ಕೊಂಡಿರಿ.